ಲಕ್ಷ ಗುಂಡು ತುಂಬಿದವನ ಹೆಬ್ಬೆರಳು

ಕಳೆದ ವಾರ ಹೆಂಡತಿ ಹೊಲಿಗೆ ಯಂತ್ರದ ಮುಚ್ಚಳ ತೆಗೆದು ಎರಡು ತೊಟ್ಟು ಎಣ್ಣೆ ಬಿಟ್ಟಳು. ಊಟಕ್ಕೆ ಕುಳಿತಿದ್ದ ನಾನು ತಟ್ಟೆ ಬಿಟ್ಟು ಬಾಲ್ಕನಿಗೆ ಹೋಗಿ ನಿಂತೆ. ಅದು ಭಾವನ ಅಂಗಿಯ ವಾಸನೆ. ಇಷ್ಟು ವರ್ಷವಾದರೂ...

ಭಾವ ಎಂದರೆ ನನ್ನ ಅಕ್ಕನ ಗಂಡ. ಸೈನ್ಯದಲ್ಲಿ ಆಯುಧ ದುರಸ್ತಿಯ ಕೆಲಸ ಮಾಡಿ ನಿವೃತ್ತರಾದ ಮೇಲೆ ಮಸ್ಕತ್‌ಗೆ ಬಂದು, ಊರಾಚೆಯ ಒಂದು ಶೂಟಿಂಗ್ ರೇಂಜಿನಲ್ಲಿ ಪಿಸ್ತೂಲುಗಳನ್ನು ಬಿಚ್ಚಿ ಎಣ್ಣೆ ಹಾಕಿ ನೋಡಿಕೊಳ್ಳುತ್ತಿದ್ದರು. ನನ್ನನ್ನು ಅಲ್ಲಿಗೆ ಸ್ಟೋರ್ ಕೀಪರ್ ಆಗಿ ಸೇರಿಸಿದವರೂ ಅವರೇ. ಯಾವ ಪಿಸ್ತೂಲಿಗೆ ದಿನಕ್ಕೆ ಎಷ್ಟು ಗುಂಡು ಹೋಯಿತು ಎಂದು ಬರೆದಿಡುವುದು ನನ್ನ ಕೆಲಸ. ಐದು ಸಾವಿರ ಗುಂಡು ಹಾರಿಸಿದ ಪಿಸ್ತೂಲಿನ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದು ಭಾವನ ಮೇಜಿಗೆ ಕಳಿಸಬೇಕು. ಅವರು ಒಳಗಿನ ಸ್ಪ್ರಿಂಗ್ ತೆಗೆದು ಹೊಸದು ಹಾಕುತ್ತಿದ್ದರು. ಹಳೆಯದನ್ನು ಬಿಸಾಡುತ್ತಿರಲಿಲ್ಲ. ಚೀಟಿ ಕಟ್ಟಿ ಹಾಲಿನ ಪುಡಿಯ ಖಾಲಿ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನಿಲ್ಲಿಸಿದರೆ ಹಳೆಯದು ಒಂದು ಉಗುರಿನಷ್ಟು ಗಿಡ್ಡ. "ನೋಡು, ತುಂಡಾಗಲಿಲ್ಲ. ಸುಸ್ತಾಗಿದೆ ಅಷ್ಟೇ," ಎನ್ನುತ್ತಿದ್ದರು.

ಎಲ್ಲ ಎಂದಿನಂತೆ ಇದ್ದ ಕೊನೆಯ ದಿನ ಒಂದು ಗುರುವಾರ. ಆ ಬೆಳಿಗ್ಗೆ ಪಿಸ್ತೂಲು ಮಾರುವವನೊಬ್ಬ ಬಂದಿದ್ದ. ನಮ್ಮ ಒಮಾನಿ ಮ್ಯಾನೇಜರ್ ಖಾವಾ ಕಾಫಿ ತರಿಸಿದರು, ಖರ್ಜೂರದ ತಟ್ಟೆ ಬಂತು. ಆತ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ಪಿಸ್ತೂಲನ್ನು ಮರಳಿನಲ್ಲಿ ಹೂತರು, ಕೆಸರಿಗೆ ಎಸೆದರು, ಅದರ ಮೇಲೆ ಲಾರಿ ಹಾಯಿಸಿದರು. ಎತ್ತಿ ಒತ್ತಿದರೆ ಢಂ ಎನ್ನುತ್ತಿತ್ತು. ಆಮೇಲೆ ಚೀಲದಿಂದ ಒಂದು ಪಿಸ್ತೂಲು ತೆಗೆದು ಮೇಜಿನ ಮೇಲಿಟ್ಟ. ಇದೇ ಪಿಸ್ತೂಲಿನಿಂದ ಒಂದು ಲಕ್ಷ ಗುಂಡು ಹಾರಿಸಿದ್ದೇವೆ, ಒಂದೇ ಒಂದು ತಕರಾರಿಲ್ಲ ಎಂದ. ಮ್ಯಾನೇಜರ್ ಮುಖ ಅರಳಿತು. ಇದನ್ನೇ ತಗೊಂಡರೆ ಈ ಕೆಂಪು ಗೆರೆ, ಈ ಸ್ಪ್ರಿಂಗ್, ಎಲ್ಲ ಖಲಾಸ್ ಎಂದರು.

ಭಾವ ಖರ್ಜೂರದ ಬೀಜವನ್ನು ತಟ್ಟೆಯ ಅಂಚಿಗೆ ಇಟ್ಟು ನನ್ನ ಕಡೆ ತಿರುಗಿದರು. ನಾವಿಬ್ಬರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಬರೆಯುವಾಗ ಅದು ಕನ್ನಡವಾಗುತ್ತದೆ.

"ಲಕ್ಷ ಗುಂಡು ಅಂದ್ರೆ ಎಂತ ಗೊತ್ತುಂಟಾ ಮಾರಾಯ? ಒಂದೊಂದೇ ಮ್ಯಾಗಜಿನ್‌ಗೆ ಒತ್ತಿ ತುಂಬಬೇಕು. ಆ ತುಂಬಿದವನ ಹೆಬ್ಬೆರಳು ಎಲ್ಲಿ? ಅದನ್ನು ಮೊದಲು ತೋರಿಸ್ಲಿಕ್ಕೆ ಹೇಳು."

ನನಗೆ ನಗು ಬಂತು. ಅವರ ಹೆಬ್ಬೆರಳಿನ ವಿಷಯ ನಮಗೆಲ್ಲ ಗೊತ್ತಿತ್ತು. ಮ್ಯಾಗಜಿನ್ನಿಗೆ, ಅಂದರೆ ಪಿಸ್ತೂಲಿನ ಗುಂಡಿನ ಡಬ್ಬಿಗೆ, ಗುಂಡು ತುಂಬಿ ತುಂಬಿ ಆ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಹಾಜರಿ ಯಂತ್ರ ಅದನ್ನು ಒಪ್ಪುತ್ತಿರಲಿಲ್ಲ, ಪಾಪ, ದಿನಾ ಕಿರುಬೆರಳು ಒತ್ತಿ ಒಳಗೆ ಬರುತ್ತಿದ್ದರು.

ಮತ್ತೆ ಅವರು ಆ ಪಿಸ್ತೂಲನ್ನು ಕೈಗೆತ್ತಿಕೊಂಡು ಬಿಚ್ಚಿದರು. ಒಳಗಿದ್ದ ಸ್ಪ್ರಿಂಗ್ ತೆಗೆದು, ಪಕ್ಕದಲ್ಲಿ ನಮ್ಮ ಸ್ಟೋರಿನ ಹೊಸ ಸ್ಪ್ರಿಂಗ್ ಒಂದನ್ನು ನಿಲ್ಲಿಸಿದರು. ಎರಡೂ ಸಮ ಸಮ ಇದ್ದವು. ಲಕ್ಷ ಗುಂಡು ಕಂಡ ಸ್ಪ್ರಿಂಗ್ ಬೆಳ್ಳಗೆ ಹೊಳೆಯುತ್ತಿತ್ತು.

ಮಾರುವವನು ಕೆಮ್ಮಿದ. "ಸ್ಪ್ರಿಂಗ್ ತೋ ಬದಲ್‌ನಾ ಪಡ್ತಾ ಹೈ, ಭಾಯಿ."

"ಔರ್ ಕ್ಯಾ ಕ್ಯಾ ಬದಲಾ?" ಭಾವ ಮೆಲ್ಲಗೆ ಕೇಳಿದರು. ಅವನು ಬದಲಿಸಿದ ಭಾಗಗಳ ಲೆಕ್ಕ ಹೇಳುತ್ತಾ ಹೋದ. ಬ್ಯಾರಲ್ ಎರಡು ಸಲ, ಇನ್ನೊಂದು ಸಣ್ಣ ಪಿನ್ನು, ಮತ್ತೊಂದು ಕೊಂಡಿ... ಭಾವ ಜಗಳ ಮಾಡಲಿಲ್ಲ. ಗಟ್ಟಿ ಪಿಸ್ತೂಲೇ, ಸುಳ್ಳಲ್ಲ ಎಂದು ಮ್ಯಾನೇಜರಿಗೆ ಹೇಳಿದರು. ಆದರೆ ಯಾರಾದರೂ ಗಟ್ಟಿ ಎಂದು ಹೇಳಿದರೆ ಏನನ್ನು ಪರೀಕ್ಷೆ ಮಾಡಿದ್ದೀರಿ, ಏನನ್ನು ಮಾಡಿಲ್ಲ ಎಂದು ಕೇಳಬೇಕು, ಕೆಂಪು ಗೆರೆ ಇರಲಿ ಎಂದರು. ಮ್ಯಾನೇಜರ್ ಅವರ ಬೆನ್ನು ತಟ್ಟಿ, ಈ ಮನುಷ್ಯ ಹನ್ನೆರಡು ವರ್ಷದಲ್ಲಿ ಒಂದು ದಿನವೂ ಕಾಯಿಲೆ ರಜೆ ಹಾಕಿಲ್ಲ, ನನ್ನ ಗಟ್ಟಿ ಪಿಸ್ತೂಲು ಇವನೇ ಎಂದರು. ಎಲ್ಲರೂ ನಕ್ಕೆವು. ಭಾವನೂ ನಕ್ಕರು.

ಸಂಜೆ ಅಲ್ ಗುಬ್ರಾದಲ್ಲಿದ್ದ ಭಾವನ ಮನೆಗೆ ಬಂದಾಗ ಕಟ್ಟಡದ ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತುವಾಗ ಎರಡನೆಯ ಮಹಡಿಯಲ್ಲಿ ಭಾವ ಬಗ್ಗಿ ಬೂಟಿನ ಲೇಸು ಕಟ್ಟಿದರು. ಮೂರನೆಯದರಲ್ಲಿ ಮತ್ತೆ ಕಟ್ಟಿದರು. ನಾನು ನೋಡಿದೆ. ಬಿಚ್ಚಿರದ ಲೇಸು ಅದು. ಮನೆಯಲ್ಲಿ ಅಕ್ಕ ಚಾ ತಂದಾಗ ಅವರು ಎದೆ ಉಜ್ಜಿಕೊಳ್ಳುತ್ತಿದ್ದರು.

"ಒಂದು ವಾರದಿಂದ ಹೀಗೇ," ಅಕ್ಕ ನನಗೆ ಹೇಳಿದಳು. "ಡಾಕ್ಟ್ರಿಗೆ ತೋರಿಸಿ ಅಂದ್ರೆ ಕೇಳುವ ಜನವಾ ಇವರು?"

"ಗ್ಯಾಸ್ ಮಾರಾಯ್ತಿ. ಹೋದ ತಿಂಗಳು ಮೆಡಿಕಲ್ ಆಗ್ಲಿಲ್ವಾ? ಫಿಟ್ ಅಂತ ಸೀಲ್ ಹಾಕಿ ಕೊಟ್ಟಿದ್ದಾರೆ. ಇನ್ನೆಂತ ಬೇಕು ನಿಂಗೆ?"

ಅಕ್ಕ ನನ್ನ ಮುಖ ನೋಡಿದಳು.

"ಹೌದಕ್ಕ," ಎಂದೆ ನಾನು. "ನಾನೇ ಕರ್ಕೊಂಡು ಹೋಗಿದ್ದಲ್ವಾ. ಎಲ್ಲ ಸರಿ ಉಂಟು."

ವೀಸಾ ನವೀಕರಣಕ್ಕೆ ಮಾಡಿಸುವ ಮೆಡಿಕಲ್ ಅದು. ಇಲ್ಲಿ ದುಡಿಯುವ ನಾವೆಲ್ಲ ಎರಡು ವರ್ಷಕ್ಕೊಮ್ಮೆ ಆ ಕಾಗದ ಹಿಡಿದು ಹೊರಬರುವಾಗ ಇನ್ನೆರಡು ವರ್ಷ ನಮಗೇನೂ ಆಗುವುದಿಲ್ಲ ಎಂದುಕೊಳ್ಳುತ್ತೇವೆ. ಊರಿಗೆ ಫೋನು ಮಾಡಿ ಹೇಳುತ್ತೇವೆ, ಮೆಡಿಕಲ್ ಪಾಸಾಯಿತು ಎಂದು. ಅಲ್ಲಿ ಏನನ್ನು ನೋಡಿದರು ಎಂದು ಯಾರೂ ಕೇಳುವುದಿಲ್ಲ. ಅದೇ ಬೆಳಿಗ್ಗೆ ಲಕ್ಷ ಗುಂಡಿನ ಮಾತನ್ನು ನಂಬದೆ ಸ್ಪ್ರಿಂಗ್ ಬಿಚ್ಚಿ ನೋಡಿದ ಮನುಷ್ಯನೂ ಕೇಳಲಿಲ್ಲ. ಪಕ್ಕದಲ್ಲಿದ್ದ ನಾನೂ ಕೇಳಲಿಲ್ಲ.

ಮರುದಿನ ಶುಕ್ರವಾರ. ಬೆಳಿಗ್ಗೆ ಇಬ್ಬರೂ ಅಲ್ ಮವಾಲೇಹ್ ತರಕಾರಿ ಮಾರುಕಟ್ಟೆಗೆ ಹೋದೆವು. ನಾನು ಕಾರು ನಿಲ್ಲಿಸಿ ಬರುವಷ್ಟರಲ್ಲಿ ಈರುಳ್ಳಿ ಚೀಲಗಳ ಪಕ್ಕ ಜನ ಸೇರಿದ್ದರು. ಕೆಳಗೆ ಬಿದ್ದಿದ್ದವರು ಭಾವ. ಆಸ್ಪತ್ರೆಗೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಮೊದಲು ಎಂದಾದರೂ ಇಸಿಜಿ ಮಾಡಿಸಿದ್ದರೇ ಎಂದು ಡಾಕ್ಟರ್ ಕೇಳಿದರು. ಹೋದ ತಿಂಗಳಷ್ಟೇ ಮೆಡಿಕಲ್ ಫಿಟ್ ಆಗಿತ್ತು ಎಂದೆ. ಅವರು, ಅದು ಹರಡುವ ಕಾಯಿಲೆ ಇದೆಯೇ ಎಂದು ನೋಡುವುದಕ್ಕೆ, ರಕ್ತ ಮತ್ತು ಶ್ವಾಸಕೋಶ ಅಷ್ಟೇ, ಹೃದಯವನ್ನು ಅಲ್ಲಿ ನೋಡುವುದಿಲ್ಲ ಎಂದರು. ಮೆತ್ತಗೆ ಹೇಳಿದರು.

ಅಕ್ಕ ನನ್ನನ್ನು ಬೈಯಲಿಲ್ಲ. ಫ್ಲ್ಯಾಟು ಖಾಲಿ ಮಾಡಿ ಊರಿಗೆ ಹೊರಟ ದಿನ, ವಿಮಾನ ನಿಲ್ದಾಣದಲ್ಲಿ ಒಮ್ಮೆ ಮಾತ್ರ ಹೇಳಿದಳು. "ನೀನು ಸರಿ ಉಂಟು ಅಂದಿಯಲ್ಲ, ಅದಕ್ಕೆ ನಾನು ಸುಮ್ಮನಾದೆ." ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತೋ ಏನೋ...

ನಾನು ಈಗಲೂ ಅದೇ ರೇಂಜಿನಲ್ಲಿದ್ದೇನೆ. ಆ ಹೊಸ ಪಿಸ್ತೂಲುಗಳನ್ನು ಆಮೇಲೆ ಕೊಂಡರು. ಒಳ್ಳೆಯವೇ. ಅವುಗಳಿಗೂ ಐದು ಸಾವಿರಕ್ಕೆ ಕೆಂಪು ಗೆರೆ ಎಳೆಯುತ್ತೇನೆ. ಭಾವನ ಮೇಜಿಗೆ ಬಂದವನು ಒಮ್ಮೊಮ್ಮೆ ಸ್ಪ್ರಿಂಗ್ ಬದಲಿಸುತ್ತಾನೆ, ಒಮ್ಮೊಮ್ಮೆ ಇನ್ನೂ ಸ್ವಲ್ಪ ದಿನ ನಡೆಯುತ್ತದೆ ಬಿಡಿ ಎನ್ನುತ್ತಾನೆ. ಮೊದಲು ವಾದ ಮಾಡುತ್ತಿದ್ದೆ. ಈಗ ಮರುದಿನ ಅದೇ ಪಿಸ್ತೂಲನ್ನು ಮತ್ತೆ ಕಳಿಸುತ್ತೇನೆ, ಅಷ್ಟೇ.

ಎಣ್ಣೆಯ ವಾಸನೆ ಬಂದ ದಿನ ಕಪಾಟಿನಿಂದ ಅಕ್ಕ ಬಿಟ್ಟುಹೋದ ಎರಡು ವಸ್ತುಗಳನ್ನು ಕೆಳಗಿಳಿಸಿದೆ. ಒಂದು, ಆ ಹಾಲಿನ ಪುಡಿಯ ಡಬ್ಬಿ. ಪ್ರತಿ ಸ್ಪ್ರಿಂಗಿಗೂ ಚೀಟಿ ಇದೆ, ಯಾವ ಪಿಸ್ತೂಲು, ಎಷ್ಟು ಗುಂಡು, ಭಾವನ ಅಕ್ಷರದಲ್ಲಿ. ಇನ್ನೊಂದು, ಅವರ ಕಾಗದಪತ್ರಗಳ ಫೈಲು. ಒಂದೊಂದೇ ಹಾಳೆ ತಿರುವಿದೆ. ಹನ್ನೆರಡು ವರ್ಷದ ಮೆಡಿಕಲ್ ಕಾಗದಗಳು ಒಂದೂ ತಪ್ಪದೆ ಇವೆ. ಎಲ್ಲದರ ಮೇಲೂ ಫಿಟ್ ಎಂಬ ಸೀಲು.

ಇಸಿಜಿಯ ಕಾಗದ ಒಂದೂ ಇಲ್ಲ.