ಗಾಲಿಕುರ್ಚಿಗೆ ಬಿದ್ದ ಬೀಗ

ಬೀದಿದೀಪ ಇನ್ನೂ ಆರಿಲ್ಲ. ಅಂಗಡಿಯ ನೆಲದ ಮೇಲೆ ಮೋಟಾರಿನ ಗಾಲಿಕುರ್ಚಿಯೊಂದು ಮಗ್ಗುಲಾಗಿ ಮಲಗಿದೆ. ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತವಳನ್ನು ಊರವರು ಚಕ್ರದಕ್ಕ ಎನ್ನುತ್ತಾರೆ. ಹೊಸ ತಂತಿ ಬಿಗಿದು, ಕುರ್ಚಿ ಎತ್ತಿ ನಿಲ್ಲಿಸಿ, ತಾನೇ ಅದರಲ್ಲಿ ಕೂತು ಗುಂಡಿ ಒತ್ತುತ್ತಾಳೆ. ಕೆಂಪು ದೀಪ. ಮತ್ತೆ ಒತ್ತುತ್ತಾಳೆ. ಮತ್ತೆ ಕೆಂಪು.

ಕೆಟ್ಟಿದ್ದ ತಂತಿಯೇನೋ ಸರಿಯಾಗಿದೆ. ಆದರೆ ಹೊರಗಿನವರು ಕೈಯಿಟ್ಟರೆ ತಾನಾಗಿ ಬೀಗ ಬೀಳುವಂತೆ ಕುರ್ಚಿ ತಯಾರಿಸಿದ ಕಂಪನಿ ಮಾಡಿಟ್ಟಿದೆ. ಏಳು ಸಮುದ್ರದಾಚೆಯ ಗಿಳಿಯೊಳಗೆ ರಾಕ್ಷಸ ತನ್ನ ಜೀವ ಬಚ್ಚಿಟ್ಟ ಹಾಗೆ, ಈ ಕುರ್ಚಿಯ ಜೀವ ಕಂಪನಿಯ ಗುಪ್ತ ಸಂಖ್ಯೆಯೊಂದರಲ್ಲಿದೆ. ಅವರ ಮೆಕ್ಯಾನಿಕ್ ಬರಲು ಎರಡು ತಿಂಗಳು. ಅಲ್ಲಿಯವರೆಗೆ ಕುರ್ಚಿಯ ಯಜಮಾನರಾದ ನಿವೃತ್ತ ಮೇಷ್ಟ್ರು, ಯಾರಾದರೂ ತಳ್ಳದೆ ಹೊಸಿಲು ದಾಟುವಂತಿಲ್ಲ.

ಅಪ್ಪನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತ ಬೆಳೆದವಳು ಚಕ್ರದಕ್ಕ. ಆಮೇಲೆ ಗಾಲಿಕುರ್ಚಿ ರಿಪೇರಿಗೆ ಇಳಿದಾಗ ಅದರ ಬಿಡಿಭಾಗ ಮಾರುವವರು ನಾಲ್ಕಾರು ಮಂದಿ ಇದ್ದರು. ಒಬ್ಬರ ಹತ್ತಿರ ಇಲ್ಲದ್ದು ಇನ್ನೊಬ್ಬರ ಹತ್ತಿರ ಸಿಗುತ್ತಿತ್ತು. ಕಂಪನಿ ಒಬ್ಬೊಬ್ಬರನ್ನೇ ಕೊಂಡುಕೊಂಡು ಬಾಗಿಲು ಹಾಕಿಸಿತು. ದಿನಕ್ಕೆ ಹತ್ತು ಕುರ್ಚಿ ರಿಪೇರಿ ಮಾಡುತ್ತಿದ್ದ ಕೈಗೆ ಈಗ ಎರಡು ಸಿಕ್ಕರೆ ಹೆಚ್ಚು.

ಇವತ್ತು ಅವಳು ರಾಜ್ಯದ ಶಾಸಕರ ಸಮಿತಿಯ ಮುಂದೆ ಮಾತಾಡಬೇಕು. ಬಿಡಿಭಾಗವನ್ನೂ ಬೀಗದ ಸಂಖ್ಯೆಯನ್ನೂ ಎಲ್ಲ ರಿಪೇರಿಯವರಿಗೆ ಕೊಡಲೇಬೇಕೆನ್ನುವ ಮಸೂದೆ ಅಲ್ಲಿದೆ. ಸಮಿತಿ ಒಪ್ಪಿದರೆ ಸದನಕ್ಕೆ, ಇಲ್ಲವಾದರೆ ಮೂಲೆಗೆ. ನಿನ್ನೆ ಕಂಪನಿಯವನೊಬ್ಬ ಬಂದು, ಸುಮ್ಮನಿದ್ದರೆ ತಮ್ಮಲ್ಲೇ ಕೆಲಸವೆಂದೂ, ಬಾಯಿ ಬಿಟ್ಟರೆ ಟೈರು ಕೂಡ ಸಿಗದೆಂದೂ ನಯವಾಗಿ ಹೇಳಿಹೋಗಿದ್ದಾನೆ. ಬಸ್ ಓಡಿಸುವ ಗಂಡನಿಗೆ ಅದೇ ಚಿಂತೆ. ಹೋಗಲೇಬೇಕಾ ಎಂದು ಚಹಾ ಲೋಟ ಇಡುತ್ತ ಕೇಳುತ್ತಾನೆ.

"ನಿಮ್ಮ ಬಸ್ಸು ಕೆಟ್ಟು ನಿಂತ್ರೆ ಜನ ಇಳಿದು ನಡ್ಕೊಂಡು ಹೋಗ್ತಾರೆ ಕಣ್ರೀ. ಮೇಷ್ಟ್ರು ಇಳಿದು ಎಲ್ಲಿಗೆ ಹೋಗ್ತಾರೆ?"

ಸಮಿತಿಯ ಕೋಣೆ ತಣ್ಣಗಿದೆ. ಓಡದ ಕುರ್ಚಿಯಲ್ಲೇ ಮೇಷ್ಟ್ರನ್ನು ಕೂರಿಸಿ, ಅವರ ಮಗಳು ಏದುಸಿರು ಬಿಡುತ್ತ ತಳ್ಳಿಕೊಂಡು ಬಂದಿದ್ದಾಳೆ. ಯಾರ್ಯಾರೋ ಬಿಚ್ಚಿ ಜೋಡಿಸಿದ ಕುರ್ಚಿ ಇಳಿಜಾರಿನಲ್ಲಿ ಕೈಕೊಟ್ಟರೆ ಹೊಣೆ ಯಾರು ಎಂದು ಕಂಪನಿಯ ವಕೀಲರು ಕೇಳುತ್ತಾರೆ. ಶಾಸಕರು ತಲೆದೂಗುತ್ತಾರೆ. ಚಕ್ರದಕ್ಕನಿಗೆ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆಲ್ಲ ಮರೆತೇಹೋಗುತ್ತದೆ. ಅಷ್ಟರಲ್ಲಿ ಸಮಿತಿಯ ಅಧ್ಯಕ್ಷೆ ಅದೇ ಪ್ರಶ್ನೆಯನ್ನು ಅವಳಿಗೂ ಹಾಕುತ್ತಾರೆ.

"ಇಳಿಜಾರಲ್ಲಿ ಮೊದಲು ನಾನೇ ಇಳೀತೀನಿ ಅಮ್ಮಾ. ನಡುವೆ ಬ್ರೇಕ್ ಹಾಕಿ ನೋಡ್ತೀನಿ. ಬಿದ್ರೆ ನಾನು ಬೀಳ್ಬೇಕು. ಬಿದ್ದೂ ಇದೀನಿ, ಹಲ್ಲೊಂದು ಹೋಗಿದೆ."

ಯಾರೋ ನಗುತ್ತಾರೆ. ಅವಳು ನಗುವುದಿಲ್ಲ.

"ಮೇಷ್ಟ್ರ ಕುರ್ಚಿಲೂ ಬೆಳಗ್ಗೆ ಕೂತೆ. ಬೀಳೋಕೂ ಬಿಡ್ಲಿಲ್ಲ ಕಂಪನಿ."

ಕೈ ಎತ್ತುವ ಹೊತ್ತು. ಪರ, ವಿರೋಧ ಸರಿಸಮ. ಉಳಿದದ್ದು ಅಧ್ಯಕ್ಷೆಯ ಕೈ ಒಂದೇ. ಅವರು ವಕೀಲರನ್ನು ನೋಡುತ್ತಾರೆ, ಮೇಷ್ಟ್ರನ್ನು ನೋಡುತ್ತಾರೆ, ಹಿಡಿದ ಪೆನ್ನು ಕೆಳಗಿಡುತ್ತಾರೆ. ಕೈ ಪರವಾಗಿ ಮೇಲೇಳುತ್ತದೆ.

ಮಸೂದೆ ಸದನಕ್ಕೆ ಹೋಗುತ್ತದೆ. ಅಲ್ಲಿ ಇನ್ನೂ ದೊಡ್ಡ ವಕೀಲರು ಕಾದಿರುತ್ತಾರೆ. ಅಷ್ಟರೊಳಗೆ ಅಂಗಡಿಗೆ ಟೈರು ಬರುವುದು ನಿಂತುಹೋಗಲೂಬಹುದು. ಇದೆಲ್ಲ ಅವಳಿಗೆ ಗೊತ್ತು. ಹೊರಗೆ ಮೇಷ್ಟ್ರು ಕಿಚಾಯಿಸುತ್ತಾರೆ: ಕಾನೂನು ಬಂದರೆ ಊರಿಗೆಲ್ಲ ನೀನೊಬ್ಬಳೇ ರಾಣಿ.

"ಅಯ್ಯೋ ಬೇಡಿ ಮೇಷ್ಟ್ರೇ. ನನ್ನ ಅಂಗಡಿ ಎದುರಿಗೇ ಇನ್ನೂ ಎರಡು ಅಂಗಡಿ ಬರ್ಲಿ. ನಾನೊಬ್ಬಳೇ ಆಗ್ಬಿಟ್ರೆ, ನಿಮ್ಮನ್ನ ಬಾಗಿಲಲ್ಲಿ ಕಾಯಿಸೋದು ಕಲಿಯೋಕೆ ನಂಗೂ ಎಷ್ಟು ದಿನ ಬೇಕು?"