ಬಲಕ್ಕೆ ಎಳೆಯುವ ಕಾರು

ನಮ್ಮ ಕಾರಿನ ಬ್ರೇಕಿಗೆ ಏನಾಗಿದೆ ಎಂಬುದು ಚನ್ನಗಿರಿಯಲ್ಲಿ ನಮ್ಮನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿತ್ತು. ಕ್ಷೌರದ ಅಂಗಡಿಯವನು ಒಂದು ಹೇಳಿದರೆ ಹಾಲಿನವಳು ಇನ್ನೊಂದು ಹೇಳುತ್ತಿದ್ದಳು. ದೃಷ್ಟಿಯಾಗಿದೆ, ನಿಂಬೆಹಣ್ಣು ಕಟ್ಟಿ ಎಂದಳು. ಕಟ್ಟಿದೆ. ನಿಂಬೆಹಣ್ಣು ಒಣಗಿತು, ಕಾರು ಬಲಕ್ಕೆ ಎಳೆಯುವುದು ನಿಲ್ಲಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಜಗಳೂರಿನಿಂದ ಆ ಮನೆಗೆ ಸೊಸೆಯಾಗಿ ಬಂದು ಬಹಳ ದಿನವಾಗಿರಲಿಲ್ಲ. ಗುಂಡು ಬೆನ್ನಿನ ಆ ಕಾರು ವಯಸ್ಸಿನಲ್ಲಿ ನನಗಿಂತ ದೊಡ್ಡದು. ನಮ್ಮ ಯಜಮಾನರು ಅದನ್ನು ಬಾಡಿಗೆಗೆ ಓಡಿಸುತ್ತಿದ್ದರು. ಮದುವೆ, ಆಸ್ಪತ್ರೆ, ಬೀಗರೂಟ, ಎಲ್ಲದಕ್ಕೂ ಅದೇ. ಮನೆಯ ಅನ್ನವೂ ಅದರಿಂದಲೇ.

ಅದನ್ನು ಕೊಳ್ಳಲು ಇವರು ಮನೆಯ ಜೋಡೆತ್ತು, ಗಾಡಿ ಎರಡನ್ನೂ ಮಾರಿದ್ದರು. ಮಾವನವರು ಜನ್ಮವಿಡೀ ಗಾಡಿ ಹೊಡೆದವರು, ಕೆರೆಬಿಳಚಿಯ ತೋಟಗಳಿಂದ ಅಡಿಕೆ ಮೂಟೆ ತಂದು ಮಂಡಿಗೆ ಹಾಕುತ್ತಿದ್ದವರು. ಎತ್ತು ಹೊಸಿಲು ದಾಟಿದ ದಿನವೇ ಮಗನ ಜೊತೆ ಮಾತು ಬಿಟ್ಟರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು, ಹಾಗಾಗಿ ಅಪ್ಪ ಮಗನ ಮಾತೆಲ್ಲ ನನ್ನ ಮೂಲಕವೇ ಹಾದುಹೋಗಬೇಕು. ಅವನಿಗೆ ಊಟಕ್ಕೆ ಬರಾಕೆ ಹೇಳಮ್ಮ ಎಂದು ಮಾವ. ಎರಡು ಮಾರು ದೂರದಲ್ಲಿ ಕೂತ ಇವರು, ಹಸಿವಿಲ್ಲ ಅಂತ ಹೇಳು ಎಂದು. ಇಬ್ಬರ ನಡುವೆ ನಾನು ಅಡಕತ್ತರಿಯೊಳಗಿನ ಅಡಿಕೆ. ಹೊಸ ಸೊಸೆ, ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸಿಕೊಳ್ಳಬೇಕು. ನಮ್ಮ ಮನೆಯ ಪಾತ್ರೆಗಳು ನೆಗ್ಗಿದ್ದು ಆ ಕಾಲದಲ್ಲೇ.

ಬ್ರೇಕ್ ತುಳಿದರೆ ಕಾರು ನೇರ ನಿಲ್ಲದೆ ಬಲಕ್ಕೆ ಹೋಗುತ್ತಿತ್ತು, ಎದುರಿನಿಂದ ಬರುವ ಲಾರಿಗಳ ಕಡೆಗೆ. ಮುಂದಿನ ಎರಡು ಚಕ್ರಗಳಲ್ಲಿ ಬಲಗಡೆಯದು ಹಿಡಿಯುತ್ತದೆ, ಎಡಗಡೆಯದು ಜಾರುತ್ತದೆ, ಅದಕ್ಕೇ ಹೀಗೆ ಎಂದು ಇವರು ನನಗೆ ತಿಳಿಸಿ ಹೇಳಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ನಮ್ಮ ಮನೆಯ ಕಥೆಯೂ ಅದೇ ಎಂದುಕೊಂಡೆ, ಬಾಯಿಬಿಟ್ಟು ಹೇಳಲಿಲ್ಲ.

ಹೊನ್ನಾಳಿಯ ಮೇಸ್ತ್ರಿ ಎಡಗಡೆಯ ಚಕ್ರ ಬಿಚ್ಚಿದ. ಒಳಗಿನ ಬ್ರೇಕ್ ಶೂ ಎಣ್ಣೆಯಲ್ಲಿ ನೆನೆದಿತ್ತು. ಬ್ರೇಕ್ ಆಯಿಲ್ ಸೋರಿದೆ ಎಂದು ರಬ್ಬರ್ ಬದಲಿಸಿ ಕಳಿಸಿದ. ಕಾರು ಮನೆ ಬಾಗಿಲಿಗೆ ಬಂದು ಕೀಂಯ್ ಎಂದು ಕಿರುಚಿ ನೇರವಾಗಿ ನಿಂತಿತು. ಒಣಗಿದ ಬ್ರೇಕ್ ಹಿಡಿದರೆ ಹೀಗೇ ಕಿರುಚುತ್ತದೆ, ಒಳ್ಳೆಯದೇ ಎಂದರು ಇವರು. ಎರಡು ದಿನ ಕಳೆಯುವಷ್ಟರಲ್ಲಿ ಮತ್ತೆ ಬಲಕ್ಕೆ! ನ್ಯಾಮತಿಯ ಮೇಸ್ತ್ರಿ ಹೊನ್ನಾಳಿಯವನನ್ನು ಆಡಿಕೊಂಡು ನಕ್ಕ. ಚಕ್ರದ ನಡುವಿನ ಗ್ರೀಸು ಕರಗಿ ಬಂದಿದೆ ಎಂದ. ಸೀಲು ಬದಲಿಸಿ, ಪೆಟ್ರೋಲಿನಲ್ಲಿ ತೊಳೆದು, ಉಪ್ಪುಕಾಗದದಲ್ಲಿ ಉಜ್ಜಿ ಕೊಟ್ಟ. ಮತ್ತೆ ಕೀಂಯ್. ಮತ್ತೆ ಎರಡು ದಿನಕ್ಕೆ ಅದೇ ರಾಗ.

ನನಗೆ ತಲೆಬುಡ ತಿಳಿಯಲಿಲ್ಲ. ಕಾರಿನ ಡಬ್ಬಿಯೊಳಗಿನ ಬ್ರೇಕ್ ಆಯಿಲ್ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಗ್ರೀಸು ಇದ್ದ ಜಾಗದಲ್ಲೇ ಇತ್ತು. ಹಾಗಾದರೆ ಈ ಎಣ್ಣೆ ಎಲ್ಲಿಂದ ಹುಟ್ಟಿತು? ಇನ್ನೂ ವಿಚಿತ್ರವೆಂದರೆ, ನನ್ನ ತಂಗಿಯ ಮದುವೆಗೆಂದು ನಾವಿಬ್ಬರೇ ಜಗಳೂರಿಗೆ ಹೋಗಿ ನಾಲ್ಕಾರು ದಿನ ನಿಂತಾಗ ಬ್ರೇಕ್ ತಾನಾಗಿ ಸರಿಹೋಯಿತು. ನಿನ್ನಂಗೇ ಇದು, ತವರಿಗೆ ಬಂದ್ರೆ ಮೈ ನೆಟ್ಟಗಾಗುತ್ತೆ ಎಂದು ಇವರು ನನ್ನನ್ನು ಕಾಡಿಸಿದರು. ಚನ್ನಗಿರಿಗೆ ಮರಳಿದ ಮೇಲೆ ಅದರ ಹಳೇ ಚಾಳಿ ಶುರುವಾಯಿತು, ಪಾತ್ರೆ ಕುಕ್ಕುವ ನನ್ನದೂ.

ಒಂದು ದಿನ ಗೋವಿನಕೋವಿಗೆ ಒಬ್ಬ ಬಾಣಂತಿಯನ್ನು ಬಿಡಬೇಕಿತ್ತು. ಅವಳು ನನ್ನ ಗೆಳತಿ, ಜೊತೆಗೆ ನಾನೂ ಹೊರಟೆ. ಊರು ಹತ್ತಿರ ಬಂದಾಗ ಒಂದು ನಾಯಿ ಅಡ್ಡ ಬಂತು, ಎದುರಿಗೆ ಹುಲ್ಲಿನ ಗಾಡಿ. ಇವರು ಬ್ರೇಕ್ ತುಳಿದರು. ಕಾರು ನಾಯಿಯನ್ನು ಬಿಟ್ಟು ನೆಟ್ಟಗೆ ಗಾಡಿಯ ಕಡೆಗೆ ತಿರುಗಿತು. ನಿಂತಾಗ ಎತ್ತಿನ ಉಸಿರು ಮುಂದಿನ ಗಾಜಿನ ಮೇಲೆ ಮಂಜಾಗಿ ಕೂತಿತ್ತು. ಗೆಳತಿಯ ಮಡಿಲಲ್ಲಿ ಕೂಸು ನಿದ್ದೆಯಿಂದ ಎದ್ದೇ ಇರಲಿಲ್ಲ.

ಮನೆಗೆ ಬಂದು ಇವರು ನನಗೆ ಹೇಳಿದ್ದು ಇಷ್ಟೇ: “ನಾಳೆ ಒಂದು ದಿನ ನಾನೇ ಬಿಚ್ಚಿ ನೋಡ್ತೀನಿ. ಆಗಲಿಲ್ಲ ಅಂದ್ರೆ ಗುಜರಿಗೆ. ಎತ್ತೂ ಹೋತು, ಕಾರೂ ಹೋತು, ನೀವೇ ಗೆದ್ರಿ ಅಂತ ಅಪ್ಪಗೆ ಹೇಳು.” ಆ ಮಾತನ್ನು ನಾನು ದಾಟಿಸಲಿಲ್ಲ.

ಮರುದಿನ ಅಂಗಳದಲ್ಲೇ ಚಕ್ರ ಬಿಚ್ಚಿದರು. ನೆನೆದ ಬ್ರೇಕ್ ಶೂವನ್ನು ನನ್ನ ಮೂಗಿಗೆ ಹಿಡಿದು, ಇದೇನು ವಾಸನೆ ನೋಡು ಎಂದರು. ಮೂಸಿದೆ. ಹರಳೆಣ್ಣೆ, ಅದರಲ್ಲಿ ಸುಟ್ಟ ಹುಲ್ಲಿನ ಕರಿ. ಗಾಡಿಯ ಗಾಲಿಗೆ ಹಾಕುವ ಕೀಲೆಣ್ಣೆ! ತವರಿನಲ್ಲಿ ಹುಲ್ಲು ಸುಟ್ಟು ಹರಳೆಣ್ಣೆಯಲ್ಲಿ ಕಲಸುವುದು ನನ್ನದೇ ಕೆಲಸವಾಗಿತ್ತು. ಕೊಟ್ಟಿಗೆ ಕಡೆ ಕಣ್ಣು ಹೊರಳಿಸಿದೆ. ಎತ್ತಿಗೆ ಔಷಧಿ ಕುಡಿಸುತ್ತಿದ್ದ ಬಿದಿರಿನ ಗೊಟ್ಟ ಗೂಟಕ್ಕೆ ತೂಗುತ್ತಿತ್ತು, ಅದರ ಬಾಯಲ್ಲಿ ಎಣ್ಣೆ ಹೊಳೆಯುತ್ತಿತ್ತು. ಎತ್ತಿಲ್ಲದ, ಗಾಡಿಯಿಲ್ಲದ ಮನೆಯಲ್ಲಿ ಕೀಲೆಣ್ಣೆ ಯಾರಿಗೆ ಬೇಕು?

ಗೊತ್ತಾಗ್ತಿಲ್ಲ ಎಂದುಬಿಟ್ಟೆ. ಆ ದಿನವೆಲ್ಲ ಅದೇ ಯೋಚನೆ. ಮಾವ ಕಾರನ್ನು ಕಂಡರೆ ಮುಖ ತಿರುಗಿಸುವವರು. ಎತ್ತಿನ ಸಿಟ್ಟಿಗೆ ಹೆತ್ತ ಮಗನ ಜೀವಕ್ಕೇ ಕೈ ಹಾಕಿದರೆ? ಮಧ್ಯಾಹ್ನ ನನಗೆಂದು ಬಾಳೆಹಣ್ಣು ತಂದುಕೊಟ್ಟ ಮನುಷ್ಯ ಅಂಥವರೇ? ಹೇಳಿದರೆ ಮನೆ ಎರಡಾಗುತ್ತದೆ. ಹೇಳದಿದ್ದರೆ ಇವರು ಯಾವುದೋ ಲಾರಿಯ ಕೆಳಗೆ. ನನಗೆ ಇಬ್ಬರ ಮೇಲೂ ಕೆಟ್ಟ ಕೋಪ ಬಂತು. ಸಂಜೆ ಇವರು ಎಲ್ಲ ತೊಳೆದು ಉಜ್ಜಿ ಜೋಡಿಸಿ, ಒಂದು ಸುತ್ತು ಹೋಗಿ ಬಂದರು. ಕೀಂಯ್.

ಬೆಳಗ್ಗೆ ಅಂಗಳಕ್ಕೆ ನೀರು ಹಾಕಲು ಬಾಗಿಲು ತೆಗೆದೆ. ಕಾರಿನ ಬಲಮಗ್ಗುಲು ಎಂದಿನಂತೆ ಗೋಡೆಗೆ ಆತುಕೊಂಡಿತ್ತು, ಆ ಕಡೆ ಕೈ ಹೋಗುವಂತಿರಲಿಲ್ಲ. ಎಡಗಡೆ ಮುಂದಿನ ಚಕ್ರದ ಹತ್ತಿರ ಮಾವ ಕುಕ್ಕರಗಾಲಲ್ಲಿ ಕೂತಿದ್ದರು. ಚಕ್ರದ ಹಿಂಬದಿಯ ತಗಡಿನಲ್ಲಿ ಬ್ರೇಕ್ ಬಿಗಿ ಮಾಡುವ ಒಂದು ಕಂಡಿ ಇತ್ತು. ಅದರ ಮುಚ್ಚಳ ಯಾವತ್ತೋ ಬಿದ್ದುಹೋಗಿತ್ತು. ಅದರೊಳಕ್ಕೆ ಗೊಟ್ಟದಿಂದ ಎಣ್ಣೆ ಬಿಡುತ್ತಾ, ಇನ್ನೊಂದು ಕೈಯಲ್ಲಿ ಕಾರಿನ ಮೈ ತಟ್ಟುತ್ತಿದ್ದರು. ಎತ್ತಿನ ಬೆನ್ನು ತಟ್ಟುವ ಹಾಗೆ.

“ಏನ್ ಮಾಡ್ತಿದೀರಿ ಮಾವ?” ನನ್ನ ದನಿ ಅವರೆದುರು ಏರಿದ್ದು ಅದೇ ಮೊದಲು.

ಅವರು ಬೆಚ್ಚಲಿಲ್ಲ. “ದಿನಾ ಹಿಂಗೆ ಕಿರುಗುಟ್ಟಿಕೊಂಡು ಬೀದಿಗೆ ಬರ್ತೈತೆ. ಗಾಲಿಗೆ ಎಣ್ಣೆ ಹಾಕೋ ಗತಿ ಇಲ್ಲ ಆ ಮನೇಲಿ ಅಂತಾರಮ್ಮ ಜನ. ಅವನಿಗೆ ಹೆಂಗೆ ತಿಳೀಬೇಕು?”

ಇವರು ನನ್ನ ಹಿಂದೆಯೇ ಹೊಸಿಲ ಮೇಲೆ ನಿಂತಿದ್ದರು. ಈಗ ಕೂಗಾಡುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಕೂಗಲಿಲ್ಲ. “ಆ ಚಕ್ರದೊಳಗೆ ಬ್ರೇಕ್ ಐತೆ, ಅದು ನಿಲ್ಲಾಕೆ ಒಣಗಿರಬೇಕು ಅಂತ ಹೇಳು. ಎಣ್ಣೆ ಬಿದ್ರೆ ನಿಲ್ಲಲ್ಲ ಅಂತ ಹೇಳು” ಎಂದರು. ನಾನು ಹೇಳಿದೆ.

ಮಾವ ಗೊಟ್ಟ ಹಿಡಿದುಕೊಂಡೇ ಯೋಚಿಸಿದರು. “ನಿಲ್ಲಾಕೆ? ಎತ್ತು ತಾವೇ ನಿಲ್ತಿದ್ವಲ್ಲಮ್ಮ” ಎಂದರು. ಆಮೇಲೆ ಅವರಿಗೆ ಗೋವಿನಕೋವಿಯದು ನೆನಪಾಗಿರಬೇಕು. ಊರವರಿಂದ ಅದನ್ನು ಕೇಳಿದ್ದರು. ನೆಲಕ್ಕೆ ಕೂತುಬಿಟ್ಟರು. ಅವನಿಗೆ ಹೇಳಮ್ಮ, ಇನ್ನು ಮ್ಯಾಲೆ ಮುಟ್ಟಲ್ಲ ಎಂದು ಗೊಟ್ಟವನ್ನು ತಲೆಕೆಳಗಾಗಿ ತೂಗುಹಾಕಿ ಒಳಗೆ ಹೋದರು. ಅವತ್ತು ಊಟ ಮಾಡಲಿಲ್ಲ. ನಿನ್ನೆಯೆಲ್ಲ ಏನೇನು ಯೋಚಿಸಿದ್ದೆನೋ ಅದನ್ನೆಲ್ಲ ನೆನೆದು ನಾನೂ ಮಾಡಲಿಲ್ಲ.

ಇವರು ಆ ಚಕ್ರವನ್ನು ಇನ್ನೊಮ್ಮೆ ಬಿಚ್ಚಿ ತೊಳೆದರು, ಅಲ್ಲಿಂದ ಕಾರು ನೇರವಾಗಿಯೇ ನಿಂತಿತು. ಪ್ರತಿ ಸಂಜೆ ಕಿರುಚಿಕೊಂಡು ಬರುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ಜಗಲಿಯ ಮೇಲಿದ್ದ ಮಾವ ಅರ್ಧ ಎದ್ದು, ಮತ್ತೆ ಕೂತು, ಟವೆಲನ್ನು ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ಇವರು ಅದನ್ನು ನೋಡಿಯೂ ನೋಡದವರಂತೆ ಒಳಗೆ ಬರುತ್ತಿದ್ದರು.

ಒಂದು ಸಂಜೆ ಇವರು ಒಳಗೆ ಬರಲಿಲ್ಲ. ಅಂಗಳದಲ್ಲೇ ನಿಂತು ಕಾರಿನ ಬಾಗಿಲನ್ನು ತೆಗೆದರು, ಹಾಕಿದರು, ಮತ್ತೆ ತೆಗೆದರು. ಕಿರ್‍ರ್, ಕಿರ್‍ರ್. ನನ್ನನ್ನು ಕರೆದು, “ಬಾಗಿಲ ಕೀಲು ಕಿರುಗುಟ್ಟುತ್ತೆ. ಅಲ್ಲಿಗೆ ಎಣ್ಣೆ ಹಾಕಿದ್ರೆ ಏನೂ ಆಗಲ್ಲ ಅಂತ ಹೇಳು” ಎಂದರು.

ಹೇಳಲು ಬಾಯಿ ತೆರೆದೆ. ಮಾವ ಆಗಲೇ ಎದ್ದು ಕೊಟ್ಟಿಗೆಯ ಗೂಟಕ್ಕೆ ಕೈ ಹಾಕಿದ್ದರು.

“ಯಾವ ಬಾಗಿಲೋ?” ಎಂದರು, ಮಗನನ್ನೇ ನೋಡಿ.

“ನಾಲ್ಕೂ ಅಪ್ಪ” ಎಂದರು ಇವರು.