ಶುಭ ಶುಕ್ರವಾರದ ಮೌನ

ಟೀವಿ ನೋಡಬೇಕೆಂದರೆ ಪಕ್ಕದ ಮನೆಗೆ ಹೋಗಬೇಕಾಗಿದ್ದ ಕಾಲ ಅದು. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಟೀವಿ ಇದ್ದದ್ದು ರತ್ನಳ ಮನೆಯಲ್ಲಿ. ಅವರದು ಬೇಸಾಯದ ಮನೆ, ಜಗಲಿಯ ತುಂಬ ಸದಾ ಹುರುಳಿಯೋ ಹುಣಸೆಯೋ ಹರಡಿರುತ್ತಿತ್ತು. ನಮ್ಮದು ಆ ಬೀದಿಯ ಒಂದೇ ಕ್ರೈಸ್ತರ ಮನೆ. ಅಪ್ಪ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು, ಅಮ್ಮ ಬ್ಲೌಸು ಹೊಲಿಯುತ್ತಿದ್ದರು. ರತ್ನ ಮತ್ತು ನಾನು ಸಿಸ್ಟರುಗಳ ಶಾಲೆಯಲ್ಲಿ ಎಂಟನೇ ಕ್ಲಾಸು, ಒಂದೇ ಬೆಂಚು. ಲೆಕ್ಕದಲ್ಲಿ ಅವಳು ನನಗಿಂತ ಚುರುಕು.

ಬೇಸಿಗೆ ಬಂದರೆ ನಮ್ಮಿಬ್ಬರ ಬಾಯಲ್ಲೂ ಕುಟ್ಟುಂಡೆ. ಹೊಸ ಹುಣಸೆಹಣ್ಣಿಗೆ ಉಪ್ಪು, ಬೆಲ್ಲ, ಜೀರಿಗೆ, ಒಣಮೆಣಸಿನಕಾಯಿ ಹಾಕಿ ಒರಳಲ್ಲಿ ಕುಟ್ಟಿ, ಉಂಡೆ ಮಾಡಿ ಕಡ್ಡಿಗೆ ಚುಚ್ಚಿ ಚೀಪುತ್ತಿದ್ದೆವು. ನಾಲಿಗೆ ಸುಲಿದುಹೋಗುವ ತನಕ ಬಿಡುತ್ತಿರಲಿಲ್ಲ.

ಆ ವರ್ಷ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದ ಮೇಲೆ ನಮ್ಮ ಧರ್ಮೋಪದೇಶದ ಟೀಚರ್ ಸಿಸ್ಟರ್ ಲೂಸಿ ಮಕ್ಕಳನ್ನೆಲ್ಲ ಕೂರಿಸಿಕೊಂಡು ಹೇಳಿದರು: "ಈ ನಲವತ್ತು ದಿನ ಲೋಕದ ಆಸೆಗಳಿಗೆ ಬೆನ್ನು ತಿರುಗಿಸಿ ನೋಡಿ. ಆಸೆ ಕೆಟ್ಟ ಮುಖ ಹೊತ್ತು ಬರುವುದಿಲ್ಲ ಮಕ್ಕಳೇ. ನಮಗೆ ಇಷ್ಟವಾದವರ ದನಿಯಲ್ಲೇ ಕರೆಯುತ್ತದೆ." ಯಾರು ತಮ್ಮ ವ್ರತ ಕೊನೆಯವರೆಗೂ ಕಾಪಾಡುತ್ತಾರೋ ಅವರೇ ಶುಭ ಶುಕ್ರವಾರದ ಶಿಲುಬೆಹಾದಿಯ ಮೆರವಣಿಗೆಯಲ್ಲಿ ಮರದ ಶಿಲುಬೆ ಹೊರುವುದು ಎಂದೂ ಹೇಳಿದರು.

ನಾನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ. ಕುಟ್ಟುಂಡೆ ಇಲ್ಲ, ಟೀವಿ ಇಲ್ಲ, ಆಟ ಇಲ್ಲ. ಶುಭ ಶುಕ್ರವಾರ ಹನ್ನೆರಡರಿಂದ ಮೂರರವರೆಗೆ, ಯೇಸು ಶಿಲುಬೆಯ ಮೇಲಿದ್ದ ಹೊತ್ತು, ಒಂದು ಮಾತೂ ಇಲ್ಲ.

ರತ್ನ ಮೊದಲ ವಾರ ನಕ್ಕಳು. ಎರಡನೇ ವಾರ ಮುನಿಸಿಕೊಂಡಳು. "ನಿಮ್ ದೇವ್ರು ಕುಟ್ಟುಂಡೆ ತಿಂದ್ರೆ ಒಡೀತಾನಾ?" ಎಂದು ಕೇಳಿದಳು. ನಾನು ತಲೆ ತಗ್ಗಿಸಿ ಮನೆಯೊಳಕ್ಕೆ ಹೋದೆ. ನಿಜ ಹೇಳಬೇಕೆಂದರೆ, ಹಾಗೆ ಹೋಗುವಾಗ ನನಗೆ ಸಂತಳಾದಂತೆ ಒಂದು ಹಿತವಿತ್ತು. ಅವಳು ಸಪ್ಪಗಾದಷ್ಟೂ ನನ್ನ ವ್ರತ ಗಟ್ಟಿಯಾಗುತ್ತಿದೆ ಅನ್ನಿಸುತ್ತಿತ್ತು. ಮೂರನೇ ವಾರದ ಹೊತ್ತಿಗೆ ಅವಳು ಕರೆಯುವುದನ್ನೇ ಬಿಟ್ಟಳು. ಅವಳ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ನನಗೆ ಗೊತ್ತಾಗದೆ ಹೋದದ್ದು ಅದಕ್ಕೇ.

ಶುಭ ಶುಕ್ರವಾರ ಬಂತು. ಅಪ್ಪ ಅಮ್ಮ ಇಬ್ಬರೂ ಚರ್ಚಿನ ಕೆಲಸಕ್ಕೆ ಬೆಳಿಗ್ಗೆಯೇ ಹೋಗಿದ್ದರು. "ಎರಡೂವರೆಗೆ ಬಂದು ಕರ್ಕೊಂಡು ಹೋಗ್ತೀನಿ. ಮಜ್ಜಿಗೆನಾದ್ರೂ ಕುಡಿ" ಎಂದು ಅಮ್ಮ ಹೇಳಿದ್ದರು. ಕುಡಿಯಲಿಲ್ಲ. ಹನ್ನೆರಡಕ್ಕೆ ಬಾಗಿಲಿಗೆ ಚಿಲಕ ಹಾಕಿ, ಶಿಲುಬೆಯ ಪಟದ ಮುಂದೆ ಜಪಸರ ಹಿಡಿದು ಮಂಡಿಯೂರಿದೆ. ಹೆಂಚಿನ ಮನೆ, ಒಳಗೆಲ್ಲ ಕಾವು. ಕರಗಿದ ಮೇಣದ ವಾಸನೆ.

ಒಂದು ಗಂಟೆಯ ಸುಮಾರಿಗೆ ಯಾರೋ ಬಾಗಿಲು ತಟ್ಟಿದರು.

"ಜೆಸ್ಸಿ, ಬಾಗ್ಲು ತೆಗ್ಯೇ."

ರತ್ನ. ಕೂಗುತ್ತಿರಲಿಲ್ಲ, ಬಾಗಿಲಿಗೆ ಬಾಯಿಟ್ಟು ಪಿಸುಗುಡುತ್ತಿದ್ದಳು.

"ಜೆಸ್ಸಿ, ನುಗ್ಗೇಹಳ್ಳಿಯಿಂದ ನಮ್ಮ ಮಾವ ಬಂದವ್ನೆ. ನನ್ನ ಇವತ್ತೇ ಕರ್ಕಂಡೋಯ್ತಾರಂತೆ. ಭಾನ್ವಾರ ಧಾರೆಯಂತೆ ಕಣೇ, ಅವನ್ಗೂ ನಂಗೂ. ನಿಮ್ ಸಿಸ್ಟರ್‌ಗೆ ಒಂದ್ ಮಾತು ಏಳೇ. ಅವ್ರು ಬಂದು ಬೈದ್ರೆ ನಮ್ಮಪ್ಪ ಕೇಳ್ತಾನೆ. ನಂಗೆ ಓಗಕ್ಕಾಗಕಿಲ್ಲ, ಬೀದಿ ತುದೀಲಿ ಮಾವ ಕುಂತವ್ನೆ."

ನನ್ನ ಬೆರಳುಗಳು ಜಪಸರದ ಮಣಿಯ ಮೇಲೆ ನಿಂತವು. ಇಷ್ಟವಾದವರ ದನಿಯಲ್ಲೇ ಕರೆಯುತ್ತದೆ. ಇನ್ನೆರಡೇ ಗಂಟೆ. ನಲವತ್ತು ದಿನ ಕಾಪಾಡಿದ್ದು ಈಗ ಒಂದು ಮಾತಿಗೆ ಹಾಳಾಗಬೇಕೆ? ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ.

"ಒಳಗೇ ಇದ್ದೀಯ ಅಂತ ಗೊತ್ತು ಕಣೇ. ನಿನ್ ಚಪ್ಲಿ ಇಲ್ಲೇ ಅವೆ."

ಆಮೇಲೆ ಅವಳು ಬಾಗಿಲಿಗೆ ಹಣೆ ಒರಗಿಸಿ ನಿಂತಿರಬೇಕು, ಹಲಗೆ ಒಂದೆರಡು ಸಲ ಕಿರುಗುಟ್ಟಿತು. ಎಷ್ಟು ಹೊತ್ತು ನಿಂತಳೋ. ಹೋದ ಸದ್ದು ನನಗೆ ಕೇಳಲೇ ಇಲ್ಲ.

ಮೂರು ಗಂಟೆಯ ಪ್ರಾರ್ಥನೆ ಮುಗಿದ ಮೇಲೆ ಸಿಸ್ಟರ್ ಲೂಸಿ ಮಕ್ಕಳ ಸಾಲಿನಿಂದ ನನ್ನನ್ನು ಕರೆದರು. ಚರ್ಚಿನ ಕಾಂಪೌಂಡಿನ ಸುತ್ತ, ಶಿಲುಬೆಹಾದಿಯ ಹದಿನಾಲ್ಕು ನಿಲುಗಡೆಗಳಿಗೂ ಶಿಲುಬೆ ಹೊತ್ತೆ. ಹೆಗಲು ಉರಿಯಿತು. ಎಲ್ಲರ ಕಣ್ಣೂ ನನ್ನ ಮೇಲಿತ್ತು. ಅಷ್ಟು ಸಂತೋಷ ನಾನು ಅದುವರೆಗೆ ಕಂಡಿರಲಿಲ್ಲ.

ಶಿಲುಬೆ ಇಳಿಸಿದಾಗ ಸಿಸ್ಟರ್ ಬೆನ್ನು ಸವರಿದರು. "ಮನಸ್ಸು ಗಟ್ಟಿ ಮಾಡಿದೆ ಜೆಸಿಂತಾ."

"ಹೂಂ ಸಿಸ್ಟರ್. ರತ್ನ ಬಂದು ಎಷ್ಟು ಕರೆದರೂ ಬಾಗಿಲು ತೆಗೀಲಿಲ್ಲ" ಎಂದೆ. ಜಂಬದಿಂದಲೇ ಹೇಳಿದೆ.

"ಯಾಕೆ ಕರೆದಳು?"

ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ಸಣ್ಣದಾಯಿತು. ಸಿಸ್ಟರ್ ಮುಖದ ರಕ್ತ ಇಳಿದುಹೋಗಿತ್ತು.

"ಎಷ್ಟು ಗಂಟೆಗೆ?"

"ಒಂದಕ್ಕೆ."

ಅವರು ಚಪ್ಪಲಿಯನ್ನೂ ಮೆಟ್ಟದೆ ಗೇಟಿನ ಕಡೆ ಓಡಿದರು. ನಾನೂ ಹಿಂದೆ ಓಡಿದೆ. ರತ್ನಳ ಮನೆಗೆ ಬೀಗ. ಎದುರುಮನೆಯಾಕೆ ಮೊರದಿಂದ ತಲೆಯೆತ್ತಿ, "ಎಲ್ಲಾ ಎರಡು ಗಂಟೆ ಬಸ್ಸಿಗೆ ಓದ್ರು ಸಿಸ್ಟರ್. ಯಾವೂರಲ್ಲಿ ಮಾಡ್ತಾರೋ ಏನೋ ಬಾಯೇ ಬಿಡ್ನಿಲ್ಲ" ಎಂದಳು. ಸಿಸ್ಟರ್ ಪೊಲೀಸ್ ಸ್ಟೇಷನ್ನಿಗೂ ಹೋದರು, ಮಾರನೇ ದಿನ ಫಾದರ್ ಜೊತೆ ನುಗ್ಗೇಹಳ್ಳಿಗೂ ಹೋದರು. ಅಲ್ಲಿ ಯಾರೂ ಇರಲಿಲ್ಲ; ಭಾನುವಾರ ಮದುವೆಯನ್ನು ಬೇರೆಲ್ಲೋ ನೆಂಟರ ಮನೆಯಲ್ಲಿ ಮುಗಿಸಿದರೆಂದು ಆಮೇಲೆ ಗೊತ್ತಾಯಿತು.

ಈಸ್ಟರ್ ದಿನ ನಲವತ್ತು ದಿನಗಳ ಮೇಲೆ ಮನೆಯಲ್ಲಿ ಕೋಳಿಸಾರು ಘಮಘಮಿಸಿತು. ನಾನು ತಟ್ಟೆ ಸರಿಸಿ ಎದ್ದೆ. ಪಾಪನಿವೇದನೆಗೆ ಹೋದೆ. "ನಿನಗೆ ಗೊತ್ತಿರಲಿಲ್ಲ ಮಗಳೇ, ಇದು ಪಾಪವಲ್ಲ" ಎಂದರು ಫಾದರ್. ಗೊತ್ತಿತ್ತು. ಆ ಪಿಸುಮಾತು ಸೈತಾನನದಲ್ಲ, ಹೆದರಿದ ಹುಡುಗಿಯದು ಎಂದು ನನಗೆ ಮೊದಲ ಮಾತಿಗೇ ಗೊತ್ತಾಗಿತ್ತು. ಅದನ್ನು ಫಾದರ್‌ಗೆ ಹೇಳಲಾಗಲಿಲ್ಲ. ಸಿಸ್ಟರ್ ಲೂಸಿ ಒಂದು ದಿನ ನನ್ನನ್ನು ಪಕ್ಕ ಕೂರಿಸಿಕೊಂಡು, "ನಾನು ನಿನಗೆ ಅರ್ಧ ಪಾಠವಷ್ಟೇ ಹೇಳಿಕೊಟ್ಟೆ. ಯಾವುದಕ್ಕೆ ಬೆನ್ನು ಮಾಡಬೇಕು ಅಂತ ಹೇಳಿದೆ, ಯಾರಿಗೆ ಮುಖ ಮಾಡಬೇಕು ಅಂತ ಹೇಳಲಿಲ್ಲ" ಎಂದು ಅತ್ತರು.

ಮೂರು ವರ್ಷದ ಮೇಲೆ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ರತ್ನ ಸಿಕ್ಕಳು. ಕಂಕುಳಲ್ಲಿ ಮಗು. ಕೆನ್ನೆಯ ಮೂಳೆಗಳು ಎದ್ದಿದ್ದವು. ನನ್ನ ಕೈಯ ಪುಸ್ತಕಗಳನ್ನು ಬೆರಳಿನಿಂದ ಮುಟ್ಟಿ, "ಯಾವ ಕ್ಲಾಸೇ ಈಗ?" ಎಂದಳು.

"ಫಸ್ಟ್ ಪಿಯುಸಿ."

"ಊಂ. ನಂದೂ ಅದೇ ಆಗ್ತಿತ್ತು." ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ನನ್ನನ್ನೇ ನೋಡಿದಳು. "ಅವತ್ತು ನೀನು ಚರ್ಚಿಗೆ ಓಗಿದ್ದೆ, ಅಲ್ವಾ?"

ಅವಳಿಗೆ ನಿಜ ಗೊತ್ತಿತ್ತು. ಆದರೂ ನನಗೊಂದು ದಾರಿ ಬಿಟ್ಟುಕೊಟ್ಟಳು.

"ಹೂಂ" ಎಂದೆ.

"ಅಂಗೇ ಅನ್ಕಂಡೆ" ಎಂದು ನಕ್ಕಳು. ಅಷ್ಟರಲ್ಲಿ ಅವಳ ಬಸ್ಸು ಬಂತು.

ಈಗ ನಾನು ಹಾಸನದಲ್ಲಿ ಹೈಸ್ಕೂಲು ಟೀಚರ್. ತಪಸ್ಸುಕಾಲದ ಉಪವಾಸ ಬಿಟ್ಟಿಲ್ಲ, ಭಾನುವಾರದ ಪೂಜೆ ತಪ್ಪಿಸಿಲ್ಲ. ಆದರೆ ಹದಿಮೂರು ವರ್ಷದ ಆ ಹುಡುಗಿ ದೇವರು ತನ್ನನ್ನು ಮೆಚ್ಚಿದ್ದಾನೆಂದು ನಂಬುತ್ತಿದ್ದಳಲ್ಲ, ಆ ನಂಬಿಕೆ ಮತ್ತೆ ಬರಲಿಲ್ಲ. ರತ್ನ ಎಲ್ಲಿದ್ದಾಳೋ ಗೊತ್ತಿಲ್ಲ, ಎರಡು ಸಲ ಹುಡುಕಿಕೊಂಡು ಹೋಗಿ ಬಂದೆ. ಸಿಕ್ಕಿದ್ದರೆ ಕ್ಷಮೆ ಕೇಳುತ್ತಿದ್ದೆ. ಅವಳು ಅದನ್ನು ಬಸ್‌ಸ್ಟ್ಯಾಂಡಿನಲ್ಲೇ ಕೊಟ್ಟಾಗಿತ್ತು. ಸುಳ್ಳು ಹೇಳಿ ತೆಗೆದುಕೊಂಡವಳು ನಾನು.